ಕಡಲೆಕಾಯಿಯ ಬೂಷ್ಟು ಮತ್ತು ಹವಾಮಾನ ಬದಲಾವಣೆ

ಕಡಲೆಕಾಯಿಯ ಬೂಷ್ಟು: ಹೊಲದಲ್ಲೇ ಅಂಟಿಕೊಂಡು ಕಣದಲ್ಲೂ ದಾಸ್ತಾನಿನಲ್ಲೂ ಬೆಳೆಯುವ ಶಿಲೀಂಧ್ರಗಳು. ಇವುಗಳಲ್ಲಿ ಮುಖ್ಯವಾದುದು ಹಳದಿ ಮಿಶ್ರಿತ ಹಸಿರು ಬಣ್ಣದ ಆಸ್ಪರ್ಜಿಲಸ್ ಫ್ಲೇವಸ್. ಇದು ಉಂಟುಮಾಡುವ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷದ ಸುಳಿವು ಸಿಕ್ಕಿತು.

ಹೊಲದಲ್ಲಿ: ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ರಾಗಿಯೇ ಮುಖ್ಯ ಬೆಳೆ. ಮಳೆಯಾಶ್ರಿತ ಕೆಂಪು ಮಣ್ಣಿನಲ್ಲಿ ಕಡಲೆಕಾಯಿಯನ್ನೂ ಬೆಳೆಯುತ್ತಾರೆ. ಮುಂಗಾರಿನಲ್ಲಿ ಬಿತ್ತಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೀಳುತ್ತಾರೆ. ಕಾಯಿ ಬಲಿಯುವ ಕೊನೆಯ ಮೂರರಿಂದ ಆರು ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದರೆ, ಸೋಂಕು ತಡೆಯಲು ಬೀಜ ತಾನೇ ತಯಾರಿಸಿಕೊಳ್ಳುವ ರಕ್ಷಕ ವಸ್ತುಗಳು ಕುಗ್ಗುತ್ತವೆ. ಬಿಸಿ ತಾಳಬಲ್ಲ ಫ್ಲೇವಸ್ ಆಗ ಒಳಹೊಗುತ್ತದೆ.

ಕಣದಲ್ಲಿ: ಆಗತಾನೆ ಕಿತ್ತ ಕಾಯಿಯಲ್ಲಿ ನೂರಕ್ಕೆ ಸುಮಾರು 40ರಷ್ಟು ತೇವವಿರುತ್ತದೆ. ಒಣಗಿಸುವ ಹೊತ್ತಿಗೆ ಚಿತ್ತೆ, ಸ್ವಾತಿ ಮಳೆ ಹಿಡಿದರೆ ಕಾಯಿ ರಾಶಿಯಲ್ಲೇ ಬಿಸಿಯಾಗಿ ಬೂಷ್ಟು ಹಬ್ಬುತ್ತದೆ. ಹವಾಮಾನ ಬದಲಾವಣೆಯಿಂದ ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿಯಬಲ್ಲ ನೀರಾವಿ ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಅದರಿಂದಲೇ ಮಳೆಯ ರಭಸವೂ ಹೆಚ್ಚು. 2021ರ ನವೆಂಬರ್ ಮಳೆಗೆ ಈ ಭಾಗದಲ್ಲಿ ಕಟಾವಿಗೆ ಬಂದ ರಾಗಿ ನೆಲಕಚ್ಚಿತು. 2022ರಲ್ಲಿ ಅತಿವೃಷ್ಟಿ, 2023ರಲ್ಲಿ ಬರ. ಬರ ಸೋಂಕಿಗೆ ದಾರಿ ಮಾಡಿದರೆ ಅಕಾಲದ ಮಳೆ ಅದನ್ನು ಸಾಕುತ್ತದೆ.

ದಾಸ್ತಾನಿನಲ್ಲಿ: ಸರಿಯಾಗಿ ಒಣಗಿದ ಕಾಯಿಯೂ ತೇವದ ಗಾಳಿಯಿಂದ, ಸೋರುವ ಚಾವಣಿಯಿಂದ, ನೆಲದ ಶೀತದಿಂದ ಮತ್ತೆ ತೇವ ಹೀರುತ್ತದೆ. ಹುಳು ಕೊರೆದ ಸಿಪ್ಪೆ ಬೂಷ್ಟಿಗೆ ಬಾಗಿಲು. ಕಣ್ಣಿಗೆ ಬೂಷ್ಟು ಕಾಣದ ಬೀಜದಲ್ಲೂ ವಿಷ ಇರಬಹುದು. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ತಿನ್ನಲು ಸಿದ್ಧವಾದ ಬೀಜದಲ್ಲಿ ಭಾರತದ ಆಹಾರ ಸುರಕ್ಷತಾ ನಿಯಮ ಒಪ್ಪುವ ಮಿತಿ ಕಿಲೋಗೆ 10 ಮೈಕ್ರೋಗ್ರಾಂ.

ಹಿಂಡಿಯಿಂದ ಹಾಲಿಗೆ: ಎಣ್ಣೆ ತೆಗೆದ ಮೇಲೆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಆ ಹಿಂಡಿ ತಿಂದ ಹಸುವಿನ ಹಾಲಿಗೆ ವಿಷ ಅಫ್ಲಾಟಾಕ್ಸಿನ್ ಎಂ1 ಆಗಿ ಇಳಿಯುತ್ತದೆ. ಹೈನುಗಾರಿಕೆ ಮನೆಮನೆಯಲ್ಲಿರುವ ಈ ಜಿಲ್ಲೆಯಲ್ಲಿ ಬೂಷ್ಟು ಹಿಡಿದ ಹಿಂಡಿಯ ವಿಷ ಮಕ್ಕಳ ಲೋಟದವರೆಗೂ ಬರುವ ಅಪಾಯವಿದೆ.

ತಡೆ: ಹೂ ಬಿಡುವಾಗ ಜಿಪ್ಸಂ ಹಾಕುವುದು, ಬಲಿತ ಕೂಡಲೇ ಕೀಳುವುದು, ಕಾಯಿ ಮೇಲ್ಮುಖವಾಗುವಂತೆ ಬಳ್ಳಿಯನ್ನು ಮಗುಚಿ ಹರಡುವುದು ಮೊದಲ ಹೆಜ್ಜೆಗಳು. ಕಿವಿಯ ಬಳಿ ಅಲುಗಿಸಿದಾಗ ಬೀಜ ಗಿಲಗಿಲ ಎನ್ನಬೇಕು. ಬೀಜದ ತೇವ ನೂರಕ್ಕೆ 7ಕ್ಕಿಂತ ಕೆಳಗಿಳಿದ ಮೇಲೆಯೇ ಚೀಲ ಕಟ್ಟಬೇಕು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರವಿಡಬೇಕು. ಒಡೆದ, ಸುಕ್ಕಾದ, ಬಣ್ಣಗೆಟ್ಟ ಬೀಜಗಳನ್ನು ಆರಿಸಿ ತೆಗೆಯಬೇಕು. ಹೀಗೆ ತೆಗೆದದ್ದನ್ನು ಗಾಣಕ್ಕೂ ಕೊಡಬಾರದು, ಕೊಟ್ಟಿಗೆಗೂ ಹಾಕಬಾರದು. ಗುಂಡಿ ತೋಡಿ ಹೂಳಬೇಕು.