ಪಾನಗಲ್ ಕೋಟೆ ಮುಂದೆ ಕೆಟ್ಟ ಸುಲ್ತಾನ

ಕಲಬುರಗಿಯಿಂದ ವನಪರ್ತಿ ಕಡೆಯ ಪಾನಗಲ್ಲಿಗೆ ನೇರ ಗೆರೆ ಎಳೆದರೆ ಅದು ನಮ್ಮ ಉಟ್ಕೂರ್ ಸೀಮೆಯ ಹತ್ತಿರವೇ ಹಾದು ಹೋಗುತ್ತದೆ. ಆ ಗೆರೆಯ ಒಂದು ತುದಿಯಲ್ಲಿ ಒಬ್ಬ ಸುಲ್ತಾನನ ಕನಸು ಹುಟ್ಟಿತು, ಇನ್ನೊಂದು ತುದಿಯಲ್ಲಿ ಮುರೀತು.

1397ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಷಾ ಬಹಮನಿ ಬರೀ ಕತ್ತಿ ಹಿಡಿದವನಲ್ಲ. ಹಲವು ಭಾಷೆ ಬಲ್ಲವನು. ವಾರಕ್ಕೆ ಮೂರು ದಿನ ತಾನೇ ಕೂತು ಹುಡುಗರಿಗೆ ಪಾಠ ಹೇಳುತ್ತಿದ್ದನಂತೆ. ನಮ್ಮ ಮೇಷ್ಟ್ರುಗಳು ಇದನ್ನ ಗಮನಿಸಬೇಕು! ಗೋವಾ, ಚೌಲ್ ಬಂದರಿನಿಂದ ವರ್ಷ ವರ್ಷ ಹಡಗು ಕಳಿಸಿ, ಸರಕಿನ ಜೊತೆ ವಿದ್ವಾಂಸರನ್ನೂ ಕರೆಸುತ್ತಿದ್ದ. ಭೀಮಾ ದಂಡೆ ಮೇಲೆ ಫಿರೋಜಾಬಾದ್ ಅಂತ ಹೊಸ ಪಟ್ಟಣ ಕಟ್ಟಿಸಿದ. ಅದರ ಗೋಡೆಗಳು ಇವತ್ತಿಗೂ ನಿಂತಿವೆ. 1407ರಲ್ಲಿ ದೌಲತಾಬಾದ್ ಹತ್ತಿರ ನಕ್ಷತ್ರ ನೋಡುವ ಶಾಲೆಗೆ ಕೈಹಾಕಿದ. ಅದು ನಿಂತದ್ದು ಯುದ್ಧದಿಂದ ಅಲ್ಲ, ಕೆಲಸ ನೋಡುತ್ತಿದ್ದ ಹಕೀಮ್ ಹಸನ್ ಗೀಲಾನಿ ತೀರಿಕೊಂಡಿದ್ದರಿಂದ. ಉಳಿದದ್ದೆಲ್ಲ ಕೆಟ್ಟದ್ದು ಮಾತ್ರ ಪಾನಗಲ್ಲಿನಿಂದ.

ವಿಜಯನಗರದ ಒಂದನೇ ದೇವರಾಯನ ಜೊತೆ ಮೊದಲೇ ಯುದ್ಧ ಆಗಿ, ರಾಯರ ಮಗಳನ್ನ ತಂದುಕೊಂಡು ಬೀಗತನವೂ ಆಗಿತ್ತು. ಆದರೂ 1417ರಲ್ಲಿ ಸುಲ್ತಾನ ಪಾನಗಲ್ಲಿಗೆ ಮುತ್ತಿಗೆ ಹಾಕಿದ. ಯಾರೂ ಇವನ ಮೇಲೆ ಬಿದ್ದಿರಲಿಲ್ಲ. ಬೇಕಂತಲೇ ಮೈಮೇಲೆ ಎಳ್ಕೊಂಡ ಜಗಳ. ಸುಮಾರು ಎರಡು ವರ್ಷ ಕಳೆದರೂ ಕೋಟೆ ಬಗ್ಗಲಿಲ್ಲ. ಪಾಳೆಯದಲ್ಲಿ ಬೇನೆ ಹೊಕ್ಕಿತು. ಮನುಷ್ಯರು ಸತ್ತರು, ಕುದುರೆ ಸತ್ತವು. ಈ ಯುದ್ಧ ಯಾರಿಗೆ ಬೇಕಿತ್ತು ಅಂತ ಸರದಾರರು ಬಾಯಿಬಿಟ್ಟು ಹೇಳಿದರೋ ಇಲ್ಲವೋ, ಕಾಲಿಂದಂತೂ ಹೇಳಿದರು: ಎಷ್ಟೋ ಮಂದಿ ತಮ್ಮ ದಂಡು ಕಟ್ಟಿಕೊಂಡು ಜಾಗೀರಿಗೆ ನಡೆದುಬಿಟ್ಟರು.

ಆವಾಗ ದೇವರಾಯ ಬಂದ. ಸುಲ್ತಾನನ ನೆಚ್ಚಿನ ಮಂತ್ರಿ ಮೀರ್ ಫಜ್ಲುಲ್ಲಾ ಇಂಜೂ ಕಾಳಗದಲ್ಲೇ ಸತ್ತ. ಲಂಚ ತಿಂದ ಅವನ ಕನ್ನಡ ಸೇವಕನೇ ಹೊಡೆದ ಅಂತಾನೆ ಫೆರಿಶ್ತಾ. ಸುಮಾರು ಇನ್ನೂರು ವರ್ಷ ಆದಮೇಲೆ ಬಿಜಾಪುರದಲ್ಲಿ ಕೂತು ಬರೆದದ್ದು. ಸೋತವರ ಕಡೆ ಇಂಥ ಮಾತು ಹುಟ್ಟೋದು ಸಹಜ, ನಾನು ಪೂರಾ ನಂಬೋದಿಲ್ಲ. ಫಿರೋಜ್ ಓಡಿ ಜೀವ ಉಳಿಸಿಕೊಂಡ.

ಅಲ್ಲಿಂದ ಅವನು ಏಳಲೇ ಇಲ್ಲ. ಮೈ ಸೋತು ರಾಜ್ಯಭಾರ ಹೋಶಿಯಾರ್, ಬೇದಾರ್ ಎಂಬಿಬ್ಬರು ಗುಲಾಮರ ಕೈಗೆ ಹೋಯಿತು. ರಾಯರ ದಂಡನ್ನ ಹಿಂದಕ್ಕಟ್ಟಿದವನು ತಮ್ಮ ಅಹ್ಮದ್. ಸೈನ್ಯ, ಸರದಾರರು ಅವನ ಕಡೆ ವಾಲಿದರು. ಕಲಬುರಗಿಯ ಬಂದೇನವಾಜರ ಒಲವೂ ಅವನ ಮೇಲೇ. 1422ರಲ್ಲಿ ಫಿರೋಜ್ ಗದ್ದುಗೆ ಬಿಟ್ಟುಕೊಟ್ಟ, ಸ್ವಲ್ಪ ದಿನದಲ್ಲೇ ತೀರಿಕೊಂಡ. ತಮ್ಮ ರಾಜಧಾನಿಯನ್ನೇ ಬೀದರಿಗೆ ಒಯ್ದ. ಫಿರೋಜನ ಗೋರಿ ಕಲಬುರಗಿಯ ಹಫ್ತ್ ಗುಂಬಜಿನಲ್ಲಿದೆ; ಅಲ್ಲಿನ ಗುಂಬಜುಗಳಲ್ಲಿ ಅವನದೇ ದೊಡ್ಡದು.