ಕಂಚಿನ ಕಂಠ ಮತ್ತು ಕೊನೆಯ ಸಾಲು

ಗೋರೆಗಾಂವಿನಲ್ಲಿ ನಾವು ಸೇರುವ ಸಾಹಿತ್ಯ ಸಭೆಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಾಣಸಿಗುತ್ತದೆ. ಭಾಷಣಕಾರರು ಎದ್ದು ನಿಂತು ಮೈಕನ್ನು ಪಕ್ಕಕ್ಕೆ ಸರಿಸುತ್ತಾರೆ. "ಇರುವವರು ಮೂವತ್ತು ಮಂದಿ, ಇದೇಕೆ? ನನ್ನ ದನಿ ಎಲ್ಲರಿಗೂ ಕೇಳಿಸುತ್ತದಲ್ಲವೇ?" ಎನ್ನುತ್ತಾರೆ. ಮುಂದಿನ ಸಾಲಿನವರು ತಲೆಯಾಡಿಸುತ್ತಾರೆ, ಸಭೆ ಮುಂದುವರಿಯುತ್ತದೆ. ಆ ಪ್ರಶ್ನೆಯೇ ಕೇಳಿಸದವರು ಉತ್ತರ ಕೊಡುವುದಾದರೂ ಹೇಗೆಂದು ನಾವು ಯೋಚಿಸಿದ್ದು ತಡವಾಗಿ. ತಪ್ಪದೆ ಬರುತ್ತಿದ್ದ ಹಿರಿಯರೊಬ್ಬರು ಬರುವುದನ್ನು ನಿಲ್ಲಿಸಿದಾಗ ಕಾರಣ ವಿಚಾರಿಸಿದೆವು. "ಬಾಯಿ ಆಡುವುದು ಕಾಣುತ್ತದೆ, ಮಾತು ಸಿಗುವುದಿಲ್ಲ. ನಡುವೆ ಎದ್ದು ಹೇಗೆ ಹೇಳಲಿ?" ಎಂದರು. ಆ ಸಭೆಗಳನ್ನು ಏರ್ಪಡಿಸಿದವರು ನಾವೇ.

ಕಂಠದ ಹೆಮ್ಮೆ ನಮ್ಮಲ್ಲಿ ಹಳೆಯದು. 'ಕಂಚಿನ ಕಂಠ' ಎಂಬುದು ಕನ್ನಡದ ಬಹುದೊಡ್ಡ ಹೊಗಳಿಕೆಗಳಲ್ಲೊಂದು. ಕಂಪನಿ ನಾಟಕದ ನಟನ ಮಾತು ಕೊನೆಯ ಪ್ರೇಕ್ಷಕನವರೆಗೂ ಹೋಗಬೇಕಿತ್ತು. ಬಯಲಿನಲ್ಲಿ ಇರುಳಿಡೀ ಹಾಡುವ ಭಾಗವತರಿಗೆ ಏರುಶ್ರುತಿ ಅನಿವಾರ್ಯವಾಗಿತ್ತು. ಕಂಠ ಸಾಲದ ಕಡೆ ಸಮಾಜ ಬೇರೆ ಉಪಾಯಗಳನ್ನು ಕಂಡುಕೊಂಡಿತ್ತು. ಅರಸನ ಆಜ್ಞೆಯನ್ನು ಡಂಗುರದವನು ಬೀದಿಬೀದಿಗೆ ಒಯ್ದನು. ದೊಡ್ಡ ಮಸೀದಿಗಳಲ್ಲಿ ಇಮಾಮರ ಕರೆಯನ್ನು ಹಿಂದಿನ ಸಾಲುಗಳಿಗಾಗಿ ಮುಕಬ್ಬಿರ್ ಪುನರುಚ್ಚರಿಸಿದನು. ಕೇಳಿಸುವಂತೆ ಮಾಡುವ ಹೊಣೆ ಹೇಳುವವನ ಕಡೆಯದೇ ಎಂಬ ತಿಳಿವು ಇವೆಲ್ಲದರ ಹಿಂದೆ ಇತ್ತು.

ಆ ಹೊಣೆಯನ್ನು ವಿದ್ಯುತ್ತಿಗೆ ಒಪ್ಪಿಸಿದ ಕಥೆ ಅಮೆರಿಕದ್ದು. ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ತಮ್ಮ ಧ್ವನಿವರ್ಧಕವನ್ನು ಬಹಿರಂಗವಾಗಿ ಪ್ರದರ್ಶಿಸಿದರು. 1919ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯೇಗೊ ಕ್ರೀಡಾಂಗಣದ ಭಾರಿ ಸಭೆಯನ್ನು ಇಂಥದೇ ಸಲಕರಣೆಯ ಮೂಲಕ ಉದ್ದೇಶಿಸಿ ಮಾತನಾಡಿದರು.

ನಮ್ಮ ಮುಂಬಯಿಗೆ ಈ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. ಗಾಂಧೀಜಿಯವರದು ಮೆಲುದನಿ. ಅದು ಸಹಸ್ರಾರು ಜನರನ್ನು ಮುಟ್ಟಬೇಕಾದಾಗ ನೆರವಾದವರು ಮುಂಬಯಿಯ ಚಿಕಾಗೊ ರೇಡಿಯೊ ಸಂಸ್ಥೆಯ ನಾನಿಕ್ ಮೋಟ್ವಾನೆ. 1931ರ ಮಾರ್ಚ್‌ನಲ್ಲಿ ನಡೆದ ಕರಾಚಿ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಧ್ವನಿವರ್ಧಕದ ವ್ಯವಸ್ಥೆ ಮಾಡಿದರು. ಮುಂದಿನ ವರ್ಷಗಳಲ್ಲಿ 'ಚಿಕಾಗೊ' ಎಂದು ಬರೆದ ಮೈಕು ರಾಷ್ಟ್ರನಾಯಕರ ಛಾಯಾಚಿತ್ರಗಳಲ್ಲಿ ಪರಿಚಿತ ವಸ್ತುವಾಯಿತು. ಅದೇ 1931ರ ಮಾರ್ಚ್‌ನಲ್ಲಿ ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ತೆರೆಕಂಡಿತು. 1943ರಲ್ಲಿ ಸ್ಥಾಪನೆಗೊಂಡ ಫಿಲ್ಮಿಸ್ತಾನ್ ಸ್ಟುಡಿಯೊ ನಮ್ಮ ಗೋರೆಗಾಂವಿನದೇ. ಅಲ್ಲಿ ಎಂತಹ ಮಹಾನಟನೂ ಮೈಕಿನ ಹಂಗಿಲ್ಲದೆ ಮಾತನಾಡಲಿಲ್ಲ. ಅದರಿಂದ ಯಾರ ಕಂಠಕ್ಕೂ ಕುಂದು ಬರಲಿಲ್ಲ.

ಆಕ್ಷೇಪಗಳೂ ಇದ್ದವು. ಮೈಕು ಬಂದ ಮೇಲೆ ಯಕ್ಷಗಾನದ ಏರುಶ್ರುತಿ ಇಳಿಯಿತೆಂದು ಹಿರಿಯ ರಸಿಕರು ಕೊರಗಿದ್ದುಂಟು. ಹಬ್ಬಹರಿದಿನಗಳಲ್ಲಿ ನಗರವಾಸಿಗಳು ಅನುಭವಿಸುವ ಅಬ್ಬರವೂ ಸುಳ್ಳಲ್ಲ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸದಂತೆ 2000ದ ಶಬ್ದಮಾಲಿನ್ಯ ನಿಯಮಗಳು ತಡೆದದ್ದು ಅದಕ್ಕಾಗಿಯೇ. ಆದರೆ ಸಭಾಂಗಣದ ಮೈಕಿನ ಕೆಲಸ ಅಬ್ಬರವಲ್ಲ, ಸ್ಪಷ್ಟತೆ.

ಗಟ್ಟಿಯಾಗಿ ಮಾತನಾಡಿದರೆ ಸಾಲದೇ? ಸಾಲದು. ತೆರೆದ ಸ್ಥಳದಲ್ಲಿ ದೂರ ಇಮ್ಮಡಿಯಾದಂತೆಲ್ಲ ದನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಉಚ್ಚ ಕಂಪನದ ಸದ್ದುಗಳನ್ನು; ವ್ಯಂಜನಗಳ ಗುರುತು ಬಹುಮಟ್ಟಿಗೆ ಅಡಗಿರುವುದು ಅಲ್ಲಿಯೇ. ಸ್ವರ ಕೇಳಿಸುತ್ತದೆ, ವ್ಯಂಜನ ಜಾರುತ್ತದೆ. ಕಾಲು, ಪಾಲು, ಸಾಲು ಮೂರೂ ಒಂದೇ ಆಗುತ್ತವೆ. ಕೂಗಿದರೆ ಹಿಗ್ಗುವುದು ಹೆಚ್ಚಾಗಿ ಸ್ವರಗಳೇ. ಶ್ರವಣ ಸಾಧನವೂ ಹತ್ತಿರದ ಮಾತಿಗೆ ಒದಗುವಷ್ಟು ದೂರದ ಮಾತಿಗೆ ಒದಗದು. ಫ್ಯಾನಿನ ಸದ್ದು, ಲೋಕಲ್ ರೈಲಿನ ಸದ್ದು, ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದು ಎಲ್ಲವನ್ನೂ ಅದು ಮಾತಿನ ಜೊತೆಗೇ ಹಿಗ್ಗಿಸೀತು. ಬಾಯಿಯ ಬಳಿಯಿರುವ ಮೈಕಾದರೋ ಮಾತನ್ನು ಗದ್ದಲಕ್ಕೆ ಮೊದಲೇ ಹಿಡಿಯುತ್ತದೆ.

60 ವರ್ಷ ದಾಟಿದವರಲ್ಲಿ ನೂರಕ್ಕೆ 25ಕ್ಕಿಂತ ಹೆಚ್ಚು ಮಂದಿ ತೀವ್ರ ತೊಡಕಿನ ಶ್ರವಣದೋಷ ಉಳ್ಳವರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಸಭೆಯ ಕುರ್ಚಿಗಳತ್ತ ನೋಡೋಣ. ಕರಾವಳಿಯಿಂದ ಬಾಲ್ಯದಲ್ಲೇ ಈ ನಗರಕ್ಕೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡದ ರಾತ್ರಿ ಶಾಲೆಯಲ್ಲಿ ಕಲಿತ ಪೀಳಿಗೆ ಅಲ್ಲಿ ಕುಳಿತಿದೆ. ಮುಂಬಯಿಯ ಕನ್ನಡ ಸಂಘಗಳನ್ನು ಕಟ್ಟಿ ಬೆಳೆಸಿದವರಲ್ಲಿ ಅವರು ಮುಖ್ಯರು. ಕನ್ನಡದ ಮಾತಿಗಾಗಿ ಎರಡು ರೈಲು ಬದಲಿಸಿ ಬರುವ ಅವರಿಗೆ ಆ ಮಾತೇ ದಕ್ಕದಿದ್ದರೆ ಸಭೆ ಯಾರಿಗಾಗಿ?

1931ರಲ್ಲಿ ಮೈಕು ದೂರದಲ್ಲಿದ್ದವರನ್ನು ಹತ್ತಿರ ತಂದಿತು. ಇಂದು ಅದು ಹತ್ತಿರವಿದ್ದೂ ದೂರವಾದವರನ್ನು ಮರಳಿ ತರಬೇಕಾಗಿದೆ. ಆದುದರಿಂದ ನಾವೊಂದು ಕ್ರಮವನ್ನು ಇಟ್ಟುಕೊಂಡಿದ್ದೇವೆ. ಹತ್ತು ಮಂದಿ ಇದ್ದರೂ ಮೈಕು ಇರುತ್ತದೆ. "ಬೇಕೇ?" ಎಂದು ಯಾರನ್ನೂ ಕೇಳುವುದಿಲ್ಲ. ಸಭಿಕರ ಪ್ರಶ್ನೆಗಳೂ ಮೈಕಿನಲ್ಲೇ ಬರಬೇಕು. ಇಲ್ಲವಾದರೆ ಭಾಷಣಕಾರರು ಅವನ್ನು ಮತ್ತೊಮ್ಮೆ ಹೇಳಬೇಕು. ಕಂಚಿನ ಕಂಠದವರು ಮುನಿಸಿಕೊಳ್ಳದಿರಲಿ. ಆ ಹಿರಿಯರಿಗೆ ಸುದ್ದಿ ಮುಟ್ಟಿಸಿದ್ದೇವೆ. ಮುಂದಿನ ಸಭೆಗೆ ಬಂದು ನೋಡುತ್ತೇನೆ ಎಂದಿದ್ದಾರೆ.