೧೮೫೬ರ ಒಂದು ವಿದ್ಯಾರ್ಥಿಪತ್ರಿಕೆಯೂ ಥ್ಯಾಕರೆಯ ಕಾದಂಬರಿಯೂ

ಸಾಹಿತ್ಯಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಬಗೆಯ ಸಾಕ್ಷ್ಯಗಳನ್ನು ಅಂಗೀಕರಿಸುವರು. ಮೂಲಗ್ರಂಥವು ಒಂದು, ಅದನ್ನು ಕುರಿತು ಪ್ರೌಢ ವಿಮರ್ಶಕರು ಬರೆದ ಅಭಿಪ್ರಾಯಗಳು ಮತ್ತೊಂದು. ಗ್ರಂಥವು ಹೊರಬಿದ್ದ ಕಾಲದಲ್ಲಿಯೇ ಅದನ್ನು ಕೂಡಿ ಓದಿ, ಮೆಚ್ಚಿ, ವಾದಿಸಿದ ವಿದ್ಯಾರ್ಥಿಗಳ ಮಾತು ಬಹುಶಃ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಅಪಕ್ವವೆಂದು ಬದಿಗಿಡುವುದು ವಾಡಿಕೆ. ಇದಕ್ಕೆ ನಮ್ಮ ಶಾಸ್ತ್ರದಲ್ಲಿಯೂ ಆಧಾರವನ್ನು ತೋರಿಸಬಹುದು. ಕಾವ್ಯಗಳ ಅಭ್ಯಾಸದಿಂದ ಮನಸ್ಸು ಕನ್ನಡಿಯಂತೆ ನಿರ್ಮಲವಾದವನೇ ಸಹೃದಯನೆಂದು ಅಭಿನವಗುಪ್ತನ ಮತವಷ್ಟೆ. ಇಪ್ಪತ್ತು ವರ್ಷದ ತರುಣನಿಗೆ ಅಷ್ಟು ಅಭ್ಯಾಸವೆಲ್ಲಿಯದು? ಆದರೆ ಅದೇ ಆಚಾರ್ಯನು ಹೃದಯಸಂವಾದವೆಂಬ ಮಾತನ್ನೂ ಹೇಳಿರುವನು. ಅಭ್ಯಾಸವು ಸಾಲದ ಕಡೆಯಲ್ಲಿಯೂ ಸಂವಾದವು ಉಂಟಾಗಬಲ್ಲುದೇ, ಉಂಟಾದರೆ ಅದರ ಫಲವೇನು ಎಂಬುದನ್ನು ಇಂಗ್ಲೆಂಡಿನ ಒಂದು ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧೮೫೩ನೆಯ ಇಸವಿಯ ಜನವರಿಯಲ್ಲಿ ಎಡ್ವರ್ಡ್ ಬರ್ನ್-ಜೋನ್ಸ್, ವಿಲಿಯಂ ಮಾರಿಸ್ ಎಂಬಿಬ್ಬರು ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿಗೆ ಬಂದು ಸೇರಿದರು. ಇಬ್ಬರಿಗೂ ಕ್ರೈಸ್ತ ಪೌರೋಹಿತ್ಯವನ್ನು ಕೈಕೊಳ್ಳಬೇಕೆಂಬ ಸಂಕಲ್ಪವಿತ್ತು. ಪೆಂಬ್ರೋಕ್ ಕಾಲೇಜಿನಲ್ಲಿದ್ದ ಫುಲ್ಫರ್ಡ್, ಡಿಕ್ಸನ್, ಫಾಕ್ನರ್ ಎಂಬವರೂ, ಬ್ರೇಸ್‌ನೋಸ್ ಕಾಲೇಜಿನ ಕಾರ್ಮೆಲ್ ಪ್ರೈಸನೂ ಇವರ ಗೆಳೆಯರಾದರು. ಇವರಲ್ಲಿ ಹೆಚ್ಚಿನವರು ಬರ್ಮಿಂಗ್‌ಹ್ಯಾಮ್ ಪಟ್ಟಣದವರು. ಸಂಜೆಯ ಹೊತ್ತು ಫಾಕ್ನರನ ಕೊಠಡಿಯಲ್ಲಿ ಕಲೆತು, ಒಬ್ಬನು ಗಟ್ಟಿಯಾಗಿ ಓದುವುದು, ಉಳಿದವರು ಕೇಳಿ ಚರ್ಚಿಸುವುದು ಇವರ ಪದ್ಧತಿ. ಆಗಿನ ಆಕ್ಸ್‌ಫರ್ಡಿನಲ್ಲಿ ಗ್ರೀಕ್, ಲ್ಯಾಟಿನ್ ಭಾಷೆಗಳು, ಗಣಿತ, ಮತಧರ್ಮಶಾಸ್ತ್ರ ಇವೇ ಮುಖ್ಯ ಪಾಠಗಳು. ಇಂಗ್ಲಿಷ್ ಭಾಷಾಸಾಹಿತ್ಯಗಳಿಗೆ ಮರ್ಟನ್ ಪ್ರಾಧ್ಯಾಪಕಪೀಠವು ಏರ್ಪಟ್ಟದ್ದು ೧೮೮೫ರಲ್ಲಿ; ಆ ವಿಷಯದಲ್ಲಿ ಪ್ರತ್ಯೇಕ ಪರೀಕ್ಷಾವಿಭಾಗವು ಸ್ಥಾಪಿತವಾದದ್ದು ೧೮೯೪ರಲ್ಲಿ. ಆದಕಾರಣ ಸಮಕಾಲೀನ ಕಾದಂಬರಿಯನ್ನು ಈ ತರುಣರಿಗೆ ಯಾವ ಗುರುವೂ ಪಾಠ ಹೇಳಲಿಲ್ಲ. ಅವರು ಒಬ್ಬರಿಗೊಬ್ಬರು ಗುರುಗಳೂ ಶಿಷ್ಯರೂ ಆದರು.

ಈ ಕೂಟವನ್ನು ಮೊದಲು ಸೆಳೆದ ಕಾದಂಬರಿ, ಶಾರ್ಲೆಟ್ ಯಂಗ್ ಎಂಬ ಲೇಖಕಿಯು ೧೮೫೩ರಲ್ಲಿ ಪ್ರಕಟಿಸಿದ ‘ರೆಡ್‌ಕ್ಲಿಫಿನ ವಾರಸುದಾರ’. ವಂಶಪರಂಪರೆಯಿಂದ ಬಂದ ಕೋಪವನ್ನು ಗೆಲ್ಲಲು ಹೆಣಗಿ, ತನಗೆ ಅನ್ಯಾಯ ಮಾಡಿದ ದಾಯಾದಿಯು ಇಟಲಿಯಲ್ಲಿ ಜ್ವರದಿಂದ ಮಲಗಿದಾಗ ಅವನನ್ನು ಉಪಚರಿಸಿ, ಅದೇ ಜ್ವರಕ್ಕೆ ತಾನು ಬಲಿಯಾಗುವ ಗೈ ಮಾರ್ವಿಲ್ ಎಂಬವನು ಅದರ ನಾಯಕ. ಮಾರಿಸನ ಮೇಲೆ ಮೊದಲು ಗಾಢಪ್ರಭಾವವನ್ನು ಬೀರಿದ ಪುಸ್ತಕವು ಇದೇ ಎಂದು ತನಗೆ ತೋರುವುದಾಗಿ ಡಿಕ್ಸನನು ಹೇಳಿದ್ದನ್ನು ಮ್ಯಾಕೇಲನು ೧೮೯೯ರ ತನ್ನ ಮಾರಿಸ್ ಚರಿತ್ರೆಯಲ್ಲಿ ಸಂಗ್ರಹಿಸಿರುವನು. ಈ ಸಾಕ್ಷ್ಯವು ಅಮೂಲ್ಯವಾದರೂ ಬಹುಕಾಲದ ಮೇಲಿನ ಸ್ಮರಣೆಯೆಂಬುದನ್ನು ಮರೆಯಲಾಗದು. ಸ್ಮೃತಿಯು ಕಳೆದುದನ್ನು ಆಮೇಲೆ ನಡೆದುದರ ಬೆಳಕಿನಲ್ಲಿ ತಿದ್ದುವುದುಂಟು. ಆಗಿಂದಾಗಲೇ ಅಚ್ಚಾದ ಸಾಕ್ಷ್ಯವು ದೊರೆತರೆ ಅದಕ್ಕೆ ಪ್ರಾಮಾಣ್ಯವು ಹೆಚ್ಚು. ಅಂತಹುದು ಥ್ಯಾಕರೆಯ ‘ದಿ ನ್ಯೂಕಮ್ಸ್’ ಎಂಬ ಕಾದಂಬರಿಯ ವಿಷಯದಲ್ಲಿ ನಮಗೆ ದೊರೆಯುತ್ತದೆ.

೧೮೧೧ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ವಿಲಿಯಂ ಥ್ಯಾಕರೆಯು ಈ ಕಾದಂಬರಿಯನ್ನು ೧೮೫೩ರ ಅಕ್ಟೋಬರಿನಿಂದ ೧೮೫೫ರ ಆಗಸ್ಟಿನವರೆಗೆ, ತಿಂಗಳಿಗೊಂದು ಸಂಚಿಕೆಯಂತೆ, ಒಂದೊಂದು ಷಿಲ್ಲಿಂಗ್ ಬೆಲೆಗೆ ಹೊರಡಿಸಿದನು. ಚಿತ್ರಗಳನ್ನು ಬರೆದವನು ರಿಚರ್ಡ್ ಡಾಯಿಲ್. ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯದಲ್ಲಿ ಸೇವೆಮಾಡಿ ಸ್ವದೇಶಕ್ಕೆ ಮರಳುವ ಕರ್ನಲ್ ನ್ಯೂಕಮ್ ಎಂಬ ನಿಷ್ಕಪಟಿಯೂ, ಚಿತ್ರಕಾರನಾಗಬೇಕೆಂದು ಬಯಸುವ ಅವನ ಮಗ ಕ್ಲೈವನೂ ಕಥೆಯ ಮುಖ್ಯಪಾತ್ರಗಳು. ಕರ್ನಲನು ಬುಂದೇಲಖಂಡದ ಹೆಸರಿನ ಬ್ಯಾಂಕೊಂದನ್ನು ನಂಬಿ ಸರ್ವಸ್ವವನ್ನೂ ಕಳೆದುಕೊಂಡು, ತಾನು ಬಾಲ್ಯದಲ್ಲಿ ಓದಿದ ಶಾಲೆಯ ಧರ್ಮಾಶ್ರಯದಲ್ಲಿ ಪ್ರಾಣಬಿಡುತ್ತಾನೆ. ಧನಕ್ಕೂ ಪದವಿಗೂ ಮಕ್ಕಳನ್ನು ಮಾರುವಂತಹ ಮದುವೆಗಳನ್ನೂ, ಚಿತ್ರಕಲೆಯನ್ನು ಕುಲೀನರಿಗೆ ತಕ್ಕ ಕಸುಬಲ್ಲವೆಂದು ಹಳಿಯುವ ಬಂಧುಗಳನ್ನೂ ಕವಿಯು ವಿಡಂಬಿಸಿರುವನು. ಮಾಸಿಕ ಸಂಚಿಕೆಗಳ ಪದ್ಧತಿಯಿಂದ ಒಂದು ವಿಶೇಷವುಂಟು. ಎಲ್ಲ ಓದುಗರೂ ಕಥೆಯ ಒಂದೇ ಘಟ್ಟದಲ್ಲಿ ನಿಂತು ಮುಂದಿನ ತಿಂಗಳನ್ನು ಕಾಯಬೇಕು. ಆ ಅವಕಾಶವನ್ನು ಮಾತು ತುಂಬುತ್ತದೆ. ನಮ್ಮ ಗೆಳೆಯರ ವಿದ್ಯಾರ್ಥಿದೆಶೆಯ ಬಹುಭಾಗವು ಈ ಕಾದಂಬರಿಯ ಪ್ರಕಟನೆಯೊಡನೆಯೇ ಕಳೆಯಿತು.

ಕಾದಂಬರಿಯು ಮುಗಿದ ೧೮೫೫ರ ಬೇಸಗೆಯಲ್ಲಿಯೇ ಮಾರಿಸ್, ಬರ್ನ್-ಜೋನ್ಸ್, ಫುಲ್ಫರ್ಡ್ ಮೂವರೂ ಉತ್ತರ ಫ್ರಾನ್ಸಿನ ದೇವಾಲಯಗಳನ್ನು ನೋಡಲು ಯಾತ್ರೆ ಹೋದರು. ಆ ಸಂಚಾರದಲ್ಲಿ, ಹಾವ್ರ್ ಬಂದರಿನ ಕಟ್ಟೆಯ ಮೇಲೆ ರಾತ್ರಿ ತಿರುಗಾಡುತ್ತ, ಮೊದಲಿಬ್ಬರೂ ಪೌರೋಹಿತ್ಯದ ಸಂಕಲ್ಪವನ್ನು ಬಿಟ್ಟರು. ಮಾರಿಸನು ವಾಸ್ತುಶಿಲ್ಪಿಯೂ ಬರ್ನ್-ಜೋನ್ಸನು ಚಿತ್ರಕಾರನೂ ಆಗಬೇಕೆಂದು ನಿಶ್ಚಯವಾಯಿತು. ಈ ನಿಶ್ಚಯಕ್ಕೆ ಥ್ಯಾಕರೆಯೇ ಕಾರಣನೆಂದು ಹೇಳಿದರೆ ಅತಿವ್ಯಾಪ್ತಿಯಾಗುತ್ತದೆ. ರಸ್ಕಿನ್ನನ ಗ್ರಂಥಗಳೂ ಅಮಿಯನ್ಸ್, ಶಾರ್ತ್ರ ಪಟ್ಟಣಗಳ ಶಿಲ್ಪವೂ ಇಲ್ಲಿ ಬಲವತ್ತರವಾದ ಕಾರಣಗಳು. ಆದರೆ ತಂದೆಯು ಚಿತ್ರಗಳಿಗೆ ಚೌಕಟ್ಟು ಕಟ್ಟಿ ಗಿಲೀಟು ಹಾಕುವ ಕಸುಬಿನವನಾಗಿ, ಮಗನು ಪುರೋಹಿತನಾಗುವನೆಂದು ಮನೆಯವರು ನಿರೀಕ್ಷಿಸುತ್ತಿರುವಾಗ, ಕುಂಚವನ್ನು ಹಿಡಿಯಲು ಹೊರಟ ತರುಣನಿಗೆ ಕ್ಲೈವ್ ನ್ಯೂಕಮನ ಕಥೆಯು ಪರಕೀಯವಾಗಿ ತೋರಿರಲಾರದೆಂದು ಊಹಿಸುವುದು ಯುಕ್ತ.

೧೮೫೬ರ ಜನವರಿಯಲ್ಲಿ ಈ ಗೆಳೆಯರು ಕೇಂಬ್ರಿಜ್ಜಿನ ಕೆಲವರೊಡನೆ ಕೂಡಿ ‘ಆಕ್ಸ್‌ಫರ್ಡ್ ಅಂಡ್ ಕೇಂಬ್ರಿಜ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯನ್ನು ಪ್ರಾರಂಭಿಸಿದರು. ಬೆಲ್ ಅಂಡ್ ಡಾಲ್ಡಿ ಎಂಬವರು ಪ್ರಕಾಶಕರು. ಬೆಲೆ ಒಂದು ಷಿಲ್ಲಿಂಗ್, ಅಂದರೆ ಥ್ಯಾಕರೆಯ ಒಂದು ಸಂಚಿಕೆಯಷ್ಟೇ. ಪಿತ್ರಾರ್ಜಿತದಿಂದ ಅನುಕೂಲಸ್ಥನಾಗಿದ್ದ ಮಾರಿಸನು ವೆಚ್ಚವನ್ನು ವಹಿಸಿದನು. ಸಂಪಾದಕತ್ವವನ್ನು ಬೇಗನೆ ಫುಲ್ಫರ್ಡನಿಗೆ ಒಪ್ಪಿಸಿದನು. ಪತ್ರಿಕೆಯು ಆ ವರ್ಷದ ಡಿಸೆಂಬರಿನಲ್ಲಿ ಹನ್ನೆರಡನೆಯ ಸಂಚಿಕೆಯೊಡನೆ ನಿಂತುಹೋಯಿತು.

ಮೊದಲನೆಯ ಸಂಚಿಕೆಯಲ್ಲಿಯೇ ‘ದಿ ನ್ಯೂಕಮ್ಸ್’ ಕುರಿತ ಲೇಖನವುಂಟು. ಪತ್ರಿಕೆಯ ನಿಯಮದಂತೆ ಅದಕ್ಕೆ ಸಹಿಯಿಲ್ಲ. ಬರೆದವನು ಇಪ್ಪತ್ತೆರಡು ವರ್ಷದ ಬರ್ನ್-ಜೋನ್ಸ್. ವಿಮರ್ಶೆಯ ದೃಷ್ಟಿಯಿಂದ ಅದರಲ್ಲಿ ಒಂದು ದೋಷವನ್ನು ಯಾರಾದರೂ ಎತ್ತಿ ತೋರಿಸಬಹುದು. ಡಾಯಿಲನ ಚಿತ್ರಗಳ ಪ್ರಸಂಗ ಬಂದಾಗ ಲೇಖಕನು ಕಾದಂಬರಿಯನ್ನು ಬಿಟ್ಟು, ಪುಸ್ತಕಗಳಿಗೆ ಚಿತ್ರ ಬರೆಯುವ ಕಲೆಯನ್ನೇ ಹಿಡಿದುಬಿಡುವನು. ಅಲಿಂಗ್‌ಹ್ಯಾಮ್ ಕವಿಯ ‘ದಿ ಮ್ಯೂಸಿಕ್ ಮಾಸ್ಟರ್’ ಎಂಬ ೧೮೫೫ರ ಸಂಗ್ರಹದಲ್ಲಿ ದಾಂತೆ ಗೇಬ್ರಿಯಲ್ ರೊಸೆಟಿಯು ಬರೆದಿದ್ದ, ‘ಎಲ್ಫೆನ್‌ಮಿಯರಿನ ಕನ್ಯೆಯರು’ ಎಂಬ ಒಂದೇ ಒಂದು ಚಿತ್ರವನ್ನು, ತಾನು ಕಂಡ ಪುಸ್ತಕಚಿತ್ರಗಳಲ್ಲೆಲ್ಲ ಅತ್ಯಂತ ಸುಂದರವಾದುದೆಂದು ಹೊಗಳುವನು. ತಾರ್ಕಿಕರ ಮಾತಿನಲ್ಲಿ ಇದು ಅರ್ಥಾಂತರ. ಪ್ರಕೃತವನ್ನು ಬಿಟ್ಟು ಅಪ್ರಕೃತಕ್ಕೆ ಹೋದದ್ದು. ಪರೀಕ್ಷಕನು ಇಲ್ಲಿ ಗುಣಾಂಕವನ್ನು ಕಳೆಯದೆ ಬಿಡನು.

ಆದರೆ ಚರಿತ್ರೆಯು ತಿರುಗಿದ್ದು ಈ ಅಪ್ರಕೃತದ ಸುತ್ತಲೇ. ಮರದ ಅಚ್ಚಿನಲ್ಲಿ ತನ್ನ ಚಿತ್ರವು ಕೆಟ್ಟುಹೋಯಿತೆಂದು ರೊಸೆಟಿಯು ಮನನೊಂದಿದ್ದನು. ಅಂತಹ ಸಮಯದಲ್ಲಿ ಅಜ್ಞಾತನೊಬ್ಬನ ಲೇಖನವು ಅವನ ಕಣ್ಣಿಗೆ ಬಿತ್ತು. ೧೮೫೬ರ ಮಾರ್ಚಿಯಲ್ಲಿ ಅಲಿಂಗ್‌ಹ್ಯಾಮನಿಗೆ ಬರೆದ ಕಾಗದದಲ್ಲಿ, ತನಗೆ ಇದುವರೆಗೆ ಇಷ್ಟು ಸಂತೋಷವನ್ನು ತಂದ ಸಂಗತಿ ಬೇರೊಂದಿಲ್ಲವೆಂಬ ಅಭಿಪ್ರಾಯವನ್ನು ಅವನು ತಿಳಿಸಿರುವನು. ಅಷ್ಟರಲ್ಲಿ ಬರ್ನ್-ಜೋನ್ಸನು ಲಂಡನ್ನಿಗೆ ಹೋಗಿ, ಶ್ರಮಜೀವಿಗಳ ಕಾಲೇಜಿನಲ್ಲಿ ರೊಸೆಟಿಯನ್ನು ದೂರದಿಂದ ನೋಡಿ, ಆಮೇಲೆ ಪರಿಚಯವನ್ನೂ ಪಡೆದಿದ್ದನು. ಆ ವರ್ಷವೇ ಅವನು ಪದವಿಯನ್ನು ಪಡೆಯದೆ ಆಕ್ಸ್‌ಫರ್ಡನ್ನು ಬಿಟ್ಟು, ರೊಸೆಟಿಯ ಆಶ್ರಯದಲ್ಲಿ ಚಿತ್ರಾಭ್ಯಾಸಕ್ಕೆ ತೊಡಗಿದನು. ರೊಸೆಟಿಯು ವಿದ್ಯಾರ್ಥಿಗಳ ಪತ್ರಿಕೆಗೆ ತನ್ನ ಮೂರು ಕವಿತೆಗಳನ್ನು ಕೊಟ್ಟನು. ನವೆಂಬರ್ ಸಂಚಿಕೆಯಲ್ಲಿ ಬಂದ ‘ದಿ ಬ್ಲೆಸೆಡ್ ಡ್ಯಾಮೊಜೆಲ್’ ಅವುಗಳಲ್ಲೊಂದು. ೧೮೫೭ರಲ್ಲಿ ರೊಸೆಟಿ, ಮಾರಿಸ್, ಬರ್ನ್-ಜೋನ್ಸರು ಆಕ್ಸ್‌ಫರ್ಡ್ ಯೂನಿಯನ್ ಸಭಾಮಂದಿರದ ಗೋಡೆಗಳಲ್ಲಿ ಚಿತ್ರ ಬರೆದರು. ೧೮೬೧ರಲ್ಲಿ ಮಾರಿಸನು ಅಲಂಕಾರಶಿಲ್ಪದ ಕಾರ್ಯಾಲಯವನ್ನು ಸ್ಥಾಪಿಸಿದಾಗ ಈ ಇಬ್ಬರೂ, ಹಳೆಯ ಕೂಟದ ಫಾಕ್ನರನೂ ಅದರಲ್ಲಿ ಪಾಲುಗಾರರಾದರು. ಕಟ್ಟಕಡೆಗೆ ೧೮೯೬ರಲ್ಲಿ ಮಾರಿಸನ ಕೆಲ್ಮ್‌ಸ್ಕಾಟ್ ಮುದ್ರಣಾಲಯದಿಂದ ಚಾಸರ್ ಕವಿಯ ಕೃತಿಗಳು ಬರ್ನ್-ಜೋನ್ಸನ ೮೭ ಚಿತ್ರಗಳೊಡನೆ ಪ್ರಕಟವಾದುವು. ನಲವತ್ತು ವರ್ಷಗಳ ಹಿಂದೆ ಕಾದಂಬರಿಯ ವಿಮರ್ಶೆಯ ನಡುವೆ ದಾರಿತಪ್ಪಿ ನುಸುಳಿದ ವಿಷಯವು ಹೀಗೆ ಒಂದು ಜೀವಮಾನದ ಸಿದ್ಧಿಯಾಯಿತು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಬರ್ನ್-ಜೋನ್ಸನೂ ಮಾರಿಸನೂ ಮುಂದೆ ಪ್ರಸಿದ್ಧರಾದರು. ಆದುದರಿಂದ ಅವರ ಬಾಲ್ಯಕೃತಿಗೂ ಬೆಲೆ ಬಂದಿತು. ಸಾಮಾನ್ಯ ವಿದ್ಯಾರ್ಥಿಗಳ ಮಾತಿಗೆ ಈ ನ್ಯಾಯವು ಹೊಂದದು ಎಂದು. ಇದಕ್ಕೆ ಸಮಾಧಾನವಿಷ್ಟು: ೧೮೫೬ರ ಜನವರಿಯಲ್ಲಿ ಅವರು ಪ್ರಸಿದ್ಧರಾಗಿರಲಿಲ್ಲ, ಲೇಖನಕ್ಕೆ ಹೆಸರೂ ಇರಲಿಲ್ಲ. ರೊಸೆಟಿಯನ್ನು ಮುಟ್ಟಿದ್ದು ಲೇಖಕನ ಕೀರ್ತಿಯಲ್ಲ, ಅವನ ಪ್ರೀತಿ. ಥ್ಯಾಕರೆಯ ಗುಣದೋಷಗಳನ್ನು ತೂಗಿದ ಪ್ರೌಢಲೇಖನಗಳು ಆ ಕಾಲದ ದೊಡ್ಡ ಪತ್ರಿಕೆಗಳಲ್ಲಿ ಎಷ್ಟೋ ಬಂದುವು. ಕಾದಂಬರಿಯು ಎಂತಹುದೆಂಬುದನ್ನು ಅವು ತಿಳಿಸಬಹುದು. ಅದು ಏನು ಮಾಡಿತೆಂಬುದನ್ನು ತಿಳಿಸುವುದು ಈ ವಿದ್ಯಾರ್ಥಿಯ ಲೇಖನವೇ. ಇವು ಎರಡು ಬೇರೆ ಪ್ರಮೇಯಗಳು. ಎರಡನೆಯದಕ್ಕೆ ಮೊದಲನೆಯದರ ಪ್ರಮಾಣವು ಸಾಲದು.

ಅಧ್ಯಾಪಕರು ವಿದ್ಯಾರ್ಥಿಯ ಅಪ್ರಕೃತವನ್ನು ತಿದ್ದಬಾರದೆಂದು ನಾನು ಹೇಳುವುದಿಲ್ಲ. ತಿದ್ದುವುದು ಅವರ ಧರ್ಮ. ಆದರೆ ಕೆಂಪು ಶಾಯಿಯಿಂದ ಗೆರೆಯೆಳೆಯುವ ಮೊದಲು, ಅವನು ದಾರಿ ಬಿಟ್ಟು ಎತ್ತ ಹೋದನೆಂಬುದನ್ನು ಒಂದು ಸಲ ನೋಡುವುದು ಲೇಸು. ಸಂಶೋಧಕರಿಗೂ ಇದರಿಂದ ಒಂದು ಕರ್ತವ್ಯವು ಒದಗುತ್ತದೆ. ವಿದ್ಯಾರ್ಥಿಗಳ ಪತ್ರಿಕೆಗಳು, ಕೈಬರಹದ ಸಂಚಿಕೆಗಳು, ವಾಚನಕೂಟಗಳ ನಡವಳಿಪುಸ್ತಕಗಳು ಎಲ್ಲಿದ್ದರೂ ಅವುಗಳನ್ನು ಸಂಗ್ರಹಿಸಿ ಕಾಪಾಡಬೇಕು. ಹನ್ನೆರಡೇ ತಿಂಗಳು ಬದುಕಿದ ಆ ಪತ್ರಿಕೆಯ ಸಂಚಿಕೆಗಳು ಉಳಿಯದೆ ಹೋಗಿದ್ದರೆ, ರೊಸೆಟಿಯ ಕಾಗದದಲ್ಲಿನ ಸಂತೋಷಕ್ಕೆ ಮೂಲವಾದ ಮಾತು ಯಾವುದೆಂಬುದನ್ನು ಇಂದು ನಾವು ಓದಿ ನೋಡುವುದು ಸಾಧ್ಯವಾಗುತ್ತಿರಲಿಲ್ಲ.